ಒಂದೇ ಗುಂಡಿಗೆ ಬಿದ್ದ ಷಡ್ಡಕರು

೧೯೭೦ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕೆ ಬಂದಿದ್ದಾಗ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಓದಲು ಬರೆಯಲು ಬರುತ್ತಿತ್ತು, ಲೆಕ್ಕ ಬರುತ್ತಿತ್ತು, ಇನ್ನು ಮಾಸ್ತರರ ಮುಂದೆ ಕೂತು ಆಗಬೇಕಾದದ್ದೇನು ಎನಿಸಿ ರಾಣೇಬೆನ್ನೂರಿನ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದೆ. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಪಿಯುಸಿ ಪಾಸಾದವನು. ಹಾವೇರಿಯ ಮಾವನ ಮನೆಯಲ್ಲಿ ಅವನು ‘ಓದಿದ ಅಳಿಯ’. ನಾನು ‘ಬ್ಯಾಡಗಿ ಅಳಿಯ’. ಊರಿನ ಹೆಸರು ಹೇಳಿದರೆ ಸಾಕು, ಮತ್ತೇನೂ ಹೇಳುವಂಥದ್ದಿಲ್ಲ ಎನ್ನುವ ಹಾಗೆ.

ಇಬ್ಬರದೂ ಬಾಡಿಗೆ ಕಾರು, ಇಬ್ಬರದೂ ಅಂಬಾಸಿಡರ್. ನಾನು ಬ್ಯಾಡಗಿ ಸ್ಟ್ಯಾಂಡಿನಲ್ಲಿ, ಅವನು ರಾಣೇಬೆನ್ನೂರಿನಲ್ಲಿ. ನನ್ನದನ್ನು ತುಕ್ಕು ಹಿಡಿದು ನಿಂತಿದ್ದಾಗ ಕೊಂಡು, ಬೋಲ್ಟ್ ಬೋಲ್ಟ್ ಬಿಚ್ಚಿ, ನನ್ನ ಕೈಯಾರೆ ಕಟ್ಟಿದ್ದೆ. ಬೆಳಿಗ್ಗೆ ಒರೆಸದೆ ಒಂದು ದಿನವೂ ಸ್ಟ್ಯಾಂಡಿಗೆ ತಂದವನಲ್ಲ. ಅವನ ಕಾರಿನ ಬಾನೆಟ್ಟಿನ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಗಿರಾಕಿ ಬಂದು ಗಾಜು ಬಡಿದರೆ, ಸೀಟಿನ ಮೇಲೆ ಒರಗಿ ಪೇಪರ್ ಓದುತ್ತಿದ್ದವನು ಆ ಸುದ್ದಿ ಮುಗಿಸಿಯೇ ಏಳುತ್ತಿದ್ದ. ಆದರೂ ಮಾವನಿಗೆ ಧಾರವಾಡಕ್ಕೆ ಹೋಗುವುದಿದ್ದರೆ ಹೇಳಿ ಕಳಿಸುತ್ತಿದ್ದುದು ರಾಣೇಬೆನ್ನೂರಿಗೆ. “ಅಂವ ಹಾದ್ಯಾಗ ನಾಕು ಮಾತು ಆಡ್ತಾನ್ರಿ. ನೀವು ಇಂಜಿನ್ ಸಪ್ಪಳಾನ ಕೇಳ್ಕೋತ ಕುಂದ್ರತೀರಿ” ಎಂದು ಒಮ್ಮೆ ನನ್ನ ಮುಖಕ್ಕೇ ಹೇಳಿದ್ದರು. ಇಂಜಿನ್ ಸಪ್ಪಳ ಕೇಳದೆ ಗಾಡಿ ಬಿಡುವವನು ಎಂಥ ಡ್ರೈವರು?

ಎಂಬತ್ತೊಂಬತ್ತರ ಮಹಾನವಮಿ ಹತ್ತಿರ ಬಂದಿತ್ತು. ಬ್ಯಾಡಗಿಯಿಂದ ಹೆದ್ದಾರಿಗೆ ಕೂಡುವ ರಸ್ತೆಯಲ್ಲಿ ಒಬ್ಬ ಗುತ್ತಿಗೆದಾರ ನೀರಿನ ಪೈಪಿಗೆಂದು ಅಡ್ಡಲಾಗಿ ಕಾಲುವೆ ತೋಡಿಸಿದ್ದ. ಪೈಪು ಹಾಕಿ, ಮೇಲೆ ಸಡಿಲ ಮಣ್ಣು ಎಳೆದು ಹೋಗಿಬಿಟ್ಟಿದ್ದ. ಮಳೆ ಬಿದ್ದು ಮಣ್ಣು ಕೆಳಗೆ ಕೂತಿತು, ಮೇಲೆ ನೀರು ನಿಂತಿತು. ನೋಡಿದರೆ ದಾರಿಯ ಮೇಲಿನ ಸಾದಾ ನೀರಿನ ಹಾಗೆಯೇ ಕಾಣುತ್ತಿತ್ತು. ಹೆದ್ದಾರಿಯಲ್ಲಿ ಗಿರಾಕಿಯನ್ನು ಬಸ್ಸಿಗೆ ಹತ್ತಿಸಿ ಖಾಲಿ ಗಾಡಿಯಲ್ಲಿ ಮರಳುತ್ತಿದ್ದೆ. ಮುಂದಿನ ಎಡಗಾಲಿ ಇಳಿಯಿತು. ಇಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಕಲ್ಲಿಗೆ ಬಡಿದ ಸದ್ದು ನನ್ನ ಹಲ್ಲಿನಲ್ಲಿ ಕೇಳಿತು. ಗಾಡಿ ಎದ್ದು ಮುಂದಾಯಿತು, ಹಿಂದಿನ ಗಾಲಿ ಇಳಿಯಿತು, ಹಿಂದಿನ ಪಾಟಾ ಮುರಿಯಿತು. ಪಾಟಾ ಎಂದರೆ ಇಡೀ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ. ಅದು ಮುರಿಯುವ ಸದ್ದನ್ನು ಒಮ್ಮೆ ಕೇಳಿದವನು ಮರೆಯುವುದಿಲ್ಲ.

ತಕ್ಷಣ ಇಂಜಿನ್ ಬಂದ್ ಮಾಡಿದೆ. ಆಯಿಲ್ ಇಲ್ಲದೆ ಇಂಜಿನ್ ನಾಲ್ಕು ಮಾರು ಓಡಿದರೂ ಅದರ ಕತೆ ಮುಗಿದಂತೆ. ಕೆಳಗಿಳಿದು ನೋಡಿದರೆ ಚೇಂಬರ್ ಸೀಳಿತ್ತು, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಬಾಗಿತ್ತು, ಗಾಡಿ ಹಿಂದೆ ಒಂದು ಕಡೆ ಕುಸಿದು ಕೂತಿತ್ತು. ನಮ್ಮ ಸ್ಟ್ಯಾಂಡಿನಲ್ಲಿ ಒಂದು ರೂಢಿಯಿದೆ. ಗುಂಡಿಗೆ ಮೊದಲು ಬಿದ್ದವನು ಹಿಂದಿನವರಿಗೆ ತಿಳಿಯಲೆಂದು ಅಲ್ಲಿ ಟೊಂಗೆ ನೆಟ್ಟು ಬರಬೇಕು. ಪಕ್ಕದ ಜಾಲಿಯ ಒಂದು ಟೊಂಗೆ ಮುರಿದು, ಅದಕ್ಕೆ ಮೆಣಸಿನಕಾಯಿ ಚೀಲದ ಚಿಂದಿ ಕಟ್ಟಿ, ಆ ಕೆಸರಿನಲ್ಲಿ ಊರಿದೆ. ಆಮೇಲೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದೆ.

ಮುಂದೆ ಖಂಡೇಪೂಜೆಯಿತ್ತು. ವಾಹನ, ಹತ್ಯಾರಗಳಿಗೆಲ್ಲ ಪೂಜೆ ಮಾಡುವ ದಿನ. ನನಗೆ ಕೆಲಸ ಕಲಿಸಿದ ರಾಣೇಬೆನ್ನೂರಿನ ಉಸ್ತಾದರು ನಮಾಜು ಮಾಡುವವರು, ಆದರೆ ಖಂಡೇಪೂಜೆಯ ದಿನ ಗ್ಯಾರೇಜಿನ ಹೊಸ್ತಿಲಿಗೆ ಕಾಯಿ ಒಡೆಸದೆ ಬಿಡುತ್ತಿರಲಿಲ್ಲ. ಅವರ ಒಂದು ಮಾತು ನನ್ನ ಮೈಯಲ್ಲಿ ಇಳಿದಿತ್ತು: “ಬೇಟಾ, ಮುರಿದ ಕಬ್ಬಿಣ ಹಬ್ಬದ ದಿನ ಮನ್ಯಾಗ ಇಡಬ್ಯಾಡ. ಅದು ಇನ್ನೊಂದು ಮುರಿದದ್ದನ್ನ ಕರೀತೈತಿ.” ಮುರಿದ ಗಾಡಿಗೆ ಮಾಲೆ ಹಾಕುವುದಂತೂ ದೂರದ ಮಾತು.

ಆ ದಿನ ಉಳಿದ ಹೊತ್ತು, ಮರುದಿನ ಪೂರ್ತಿ, ನಾನು ಗಾಡಿಯ ಕೆಳಗೇ ಇದ್ದೆ. ಇಂಜಿನ್ನನ್ನು ಸ್ವಲ್ಪ ಮೇಲಕ್ಕೆತ್ತಿ ಮರದ ತುಂಡು ಕೊಟ್ಟು ನಿಲ್ಲಿಸಿ ಚೇಂಬರ್ ಇಳಿಸಿದೆ, ಗ್ಯಾಸ್ ವೆಲ್ಡಿಂಗ್ ಮಾಡಿಸಿದೆ, ಉಜ್ಜಿ ನಯ ಮಾಡಿ ಕರಿ ಬಣ್ಣ ಹೊಡೆದೆ. ರಾಣೇಬೆನ್ನೂರಿನಿಂದ ಬಸ್ಸಿನ ಮೇಲೆ ಹೊಸ ಪಾಟಾ, ಟೈ ರಾಡ್ ತರಿಸಿದೆ. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಹಿಡಿದು, ಗಾಲಿಗಳ ನೇರ ನೋಡಿ ನೋಡಿ ಹೊಂದಿಸಿದೆ. ಹಳೆಯ ಟೈ ರಾಡ್ ಗುಜರಿಗೆ ಹೋಯಿತು, ಮುರಿದ ಪಾಟಾ ಕಮ್ಮಾರನಿಗೆ. ಕತ್ತಲಾಗುವಷ್ಟರಲ್ಲಿ ಗಾಡಿ ನೆಟ್ಟಗೆ ನಿಂತಿತ್ತು. ಗುಂಡಿಗೆ ಬಿದ್ದ ಗಾಡಿ ಇದು ಎಂದು ಅದನ್ನು ಹೆತ್ತ ಕಂಪನಿಯವನು ಬಂದರೂ ಗುರುತಿಸುತ್ತಿರಲಿಲ್ಲ.

ನಾನು ಗಾಡಿಯ ಕೆಳಗಿದ್ದ ಆ ಮರುದಿನ ನನಗೊಂದು ಬಾಡಿಗೆ ಇತ್ತು. ಮೆಣಸಿನಕಾಯಿ ದಲಾಲಿ ಅಂಗಡಿಯ ಸಾಹುಕಾರರನ್ನು ಹುಬ್ಬಳ್ಳಿಗೆ ಕರೆದೊಯ್ಯಬೇಕಿತ್ತು. ನನ್ನ ಗಾಡಿ ಇಲ್ಲವೆಂದು ತಿಳಿದ ಅವರು ರಾಣೇಬೆನ್ನೂರಿಗೆ ಫೋನ್ ಮಾಡಿಸಿ ನನ್ನ ಷಡ್ಡಕನನ್ನು ಕರೆಸಿದರು. ನನ್ನ ಬಾಡಿಗೆ ತಿನ್ನಲು ಬರುತ್ತಿದ್ದವನು ನಾನು ಬಿದ್ದ ಗುಂಡಿಗೇ ಬಿದ್ದ. ಸುದ್ದಿ ಕೇಳಿ ನನಗೆ ಆದದ್ದು ಖುಷಿ. ಗಾಡಿಯ ಕೆಳಗೇ ಮಲಗಿ ಒಂದು ಬೀಡಿ ಹಚ್ಚಿದೆ.

ಅವನು ಮಾಡಿದ್ದೇನು ಗೊತ್ತೇ? ಏನೂ ಮಾಡಲಿಲ್ಲ. ಗಾಡಿಯನ್ನು ನೂಕಿಸಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಹಚ್ಚಿ ಊರಿಗೆ ಹೋದ. ಖಂಡೇಪೂಜೆಯ ದಿನ ಬಸ್ಸಿನಲ್ಲಿ ಕಾಯಿ, ಕರ್ಪೂರ, ಚೆಂಡುಹೂವಿನ ಮಾಲೆ ತಂದು, ಸೊಟ್ಟ ನಿಂತ ಆ ಗಾಡಿಗೆ ಅಲ್ಲಿಯೇ ಪೂಜೆ ಮಾಡಿದ. ಹೋಗಿಬರುವವರು ನಿಂತು ನಗುತ್ತಿದ್ದರು. ನಾನೂ ನನ್ನ ಗಾಡಿಗೆ ಮಾಲೆ ಹಾಕಿ, ಆ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ನಿಧಾನಕ್ಕೆ ಹಾದುಹೋದೆ.

“ಅಣ್ಣಾ, ನಿಲ್ಲಸು ನಿಲ್ಲಸು” ಎಂದು ಕೈ ಮಾಡಿದ. ಹಣೆಗೆ ಭಂಡಾರ, ಕೈಯಲ್ಲಿ ಕಾಯಿ ಹೋಳು. “ನಿಂದೂ ಇಲ್ಲೇ ಬಿದ್ದಿತ್ತಂತ? ಹಾವೇರಿ ಇಂಜಿನಿಯರ್ ಆಫೀಸಿಗೆ ನಾ ಅರ್ಜಿ ಕೊಟ್ಟೇನಿ, ನೀನೂ ಒಂದು ಕೊಡು. ಗುತ್ತಿಗೆದಾರನ ಠೇವಣಿ ಆಫೀಸಿನ್ಯಾಗ ಇರ್ತೈತಿ. ನುಕಸಾನ ಆದರ ಅದರಾಗ ಮುರಕೊಂಡು ಕೊಡಬೇಕಂತ ಕರಾರಿನ್ಯಾಗ ಐತಿ. ಇಬ್ರದೂ ಅಂದ್ರ ವಜನ ಬರತೈತಿ.”

“ನಂದೇನಾಗೈತಿ? ನೋಡು ಹ್ಯಾಂಗ ನಿಂತೈತಿ.”

“ರಿಪೇರಿ ಮಾಡಿಬಿಟ್ಟಿಯೇನು? ಯಾಕ ಮಾಡ್ದಿ ಅಣ್ಣಾ, ಒಂದೆರಡು ದಿನ ಹಂಗ ಬಿಡಬೇಕಿತ್ತು.”

“ಮುರಕ ಗಾಡಿ ಮಂದಿಗೆ ತೋರ್ಸಿ ಬೇಡಾಕ ನಾ ಏನು ಜೋಳಿಗಿ ಹಾಕ್ಕೊಂಡೇನೇನು?” ಎಂದು ಗೇರು ಹಾಕಿ ಹೊರಟೆ. ಕನ್ನಡಿಯಲ್ಲಿ ಅವನು ಕಾಯಿ ಹೋಳು ಹಿಡಿದು ನಿಂತೇ ಇದ್ದದ್ದು ಕಂಡಿತು. ನನಗೆಂದು ಹಿಡಿದಿದ್ದನೆಂಬುದು ಆಮೇಲೆ ಹೊಳೆಯಿತು.

ದಸರೆಯ ಸಂಜೆ ಬನ್ನಿ ಕೊಡಲು ಹಾವೇರಿಗೆ ಮಾವನ ಮನೆಗೆ ಹೋದೆವು. ಬನ್ನಿ ಎಲೆ ಕೈಗಿಟ್ಟು “ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ” ಎಂದು ಮಾವನ ಕಾಲು ಮುಟ್ಟಿ ಏಳುವಷ್ಟರಲ್ಲಿ ಅವರು ಶುರುಮಾಡಿದರು. ಷಡ್ಡಕನ ಅರ್ಜಿಗೆ ಹಬ್ಬದ ಸೂಟಿಗೆ ಮುಂಚೆಯೇ ಇಂಜಿನಿಯರ್ ಸಾಹೇಬರು ಸಹಿ ಮಾಡಿದ್ದರಂತೆ, ಹಬ್ಬ ಮುಗಿದ ಕೂಡಲೇ ಬಂದು ಗಾಡಿ ನೋಡಿ ಪಂಚನಾಮೆ ಮಾಡುವುದಾಗಿ ಹೇಳಿದ್ದರಂತೆ.

“ನಮ್ಮ ಸಣ್ಣ ಅಳಿಯ ಸರಕಾರದ ಜೀಪನ್ನ ಗುಂಡಿ ತನಕ ತರಸಾಕತ್ಯಾನ. ಓದಿದ್ದು ಎಲ್ಲಿ ಹೋಕ್ಕೈತಿ?” ಎಂದು ಮಾವ ಬಂದವರಿಗೆಲ್ಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮದೂ ಬಿದ್ದಿತ್ತಂತಲ್ರಿ. ನೀವ್ಯಾಕ ಸುಮ್ಮ ಕುಂತೀರಿ?” ಎಂದರು.

ಕೈಯಲ್ಲಿದ್ದ ಬನ್ನಿ ಎಲೆ ಮುದ್ದೆಯಾಯಿತು. ಹಗಲೆಲ್ಲ ಗಾಡಿಯ ಕೆಳಗೆ ಬೆನ್ನು ಹಚ್ಚಿ ದುಡಿದವನು ಸುಮ್ಮನೆ ಕೂತವನು. ಮರದ ಕೆಳಗೆ ಗಾಡಿ ಬಿಟ್ಟು ಮನೆಗೆ ಹೋದವನು ಶಹಾಣ್ಯಾ.

ದಸರೆ ಮುಗಿದ ನಾಲ್ಕನೆಯ ದಿನ ಹಾವೇರಿಯ ಕಚೇರಿಯಲ್ಲಿ ನಾನೂ ಅರ್ಜಿ ಕೊಟ್ಟೆ. ಬರೆಯುವವರಿಂದ ಬರೆಸಲಿಲ್ಲ. ನನ್ನ ಅಕ್ಷರದಲ್ಲೇ ಬರೆದೆ. ಚೇಂಬರ್, ಟೈ ರಾಡ್, ಪಾಟಾ ಎಲ್ಲವನ್ನೂ, ಎಲ್ಲಿ ಎಷ್ಟು ಪೆಟ್ಟು ಎಂಬುದನ್ನೂ. ಇಂಜಿನಿಯರ್ ಸಾಹೇಬರು ಸಭ್ಯ ಮನುಷ್ಯ. ಷಡ್ಡಕನ ಗಾಡಿ ನೋಡಲು ಬಂದ ದಿನವೇ ನನ್ನ ಶೆಡ್ಡಿಗೂ ಬಂದರು. ಗಾಡಿಯ ಸುತ್ತ ತಿರುಗಿದರು, ಬಗ್ಗಿ ಕೆಳಗೆ ನೋಡಿದರು, ಎದ್ದು ಕೈ ಒರೆಸಿಕೊಂಡರು.

“ಏನಾಗೈತ್ರಿ ಇದಕ್ಕ? ನಮ್ಮ ಜೀಪಿಗಿಂತ ಛಲೋ ಐತಲ್ಲ.”

“ಮುರದಿತ್ರಿ ಸಾಹೇಬ್ರ. ನಾನ ಮಾಡೇನಿ.”

“ಅದ ತೊಂದ್ರಿ ನೋಡ್ರಿ. ಭಾಳ ಛಲೋ ಮಾಡೀರಿ. ಮುರದದ್ದು ಕಣ್ಣಿಗೆ ಕಾಣದ ನಾ ಏನಂತ ಬರೀಲಿ? ಹಳೇ ಸಾಮಾನಾದರೂ ಅದಾವೇನು?”

ಕಮ್ಮಾರನ ಕುಲುಮೆಗೆ ಓಡಿದೆ. ಅವನು ತಿದಿ ಒತ್ತುವುದನ್ನೂ ನಿಲ್ಲಿಸದೆ, “ನಿಮ್ಮ ಪಾಟಾನ್ರಿ? ಅದು ಕುಡಗೋಲಾಗಿ ಹೋತು. ಉಕ್ಕು ಅಂದ್ರ ಉಕ್ಕು, ಮಸ್ತ್ ಇತ್ತು” ಎಂದ. ನಾಲ್ಕು ಕುಡಗೋಲು ಮಾಡಿದ್ದ, ಒಂದು ಕಾಗಿನೆಲೆ ಕಡೆಯ ರೈತನೊಬ್ಬನಿಗೆ ಹೋಗಿತ್ತು. ಉಳಿದ ಮೂರನ್ನು ನಾನೇ ಕೊಂಡುಕೊಂಡೆ. ಚಿಂದಿಯಲ್ಲಿ ಸುತ್ತಿಕೊಂಡು ಹಾವೇರಿ ಬಸ್ಸು ಹತ್ತಿದೆ. ಈಗ ನೆನೆದರೆ ನನಗೇ ಒಂಥರಾ ಅನಿಸುತ್ತದೆ, ಆದರೆ ಅವತ್ತು ಹೊಟ್ಟೆಯ ಉರಿ ನನ್ನನ್ನು ಆ ಕಚೇರಿಯ ಮೇಜಿನವರೆಗೂ ನಡೆಸಿತು.

“ಸಾಹೇಬ್ರ, ಇದು ನನ್ನ ಗಾಡಿ ಪಾಟಾ” ಎಂದು ಬಿಚ್ಚಿಟ್ಟೆ.

ಸಾಹೇಬರು ಕುಡಗೋಲನ್ನು ನೋಡಿದರು, ನನ್ನನ್ನು ನೋಡಿದರು. ಪಕ್ಕದ ಮೇಜಿನ ಗುಮಾಸ್ತ ಎದ್ದು ಬಂದು ಅಲಗಿಗೆ ಹೆಬ್ಬೆರಳು ಹಚ್ಚಿ ನೋಡಿ, “ಒಂದು ನಮಗ ಕೊಡ್ರಿ, ಹಿತ್ತಲದಾಗ ಹುಲ್ಲು ಭಾಳ ಬೆಳದೈತಿ” ಎಂದ. ಕಚೇರಿಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. “ನನಗ ನಿಮ್ಮ ಮಾತಿನ ಮ್ಯಾಲ ನಂಬಿಕಿ ಐತ್ರಿ. ಆದರ ಫೈಲಿನ್ಯಾಗ ಕುಡಗೋಲು ಹಚ್ಚಾಕ ಬರೂದಿಲ್ಲ” ಎಂದರು. ಮೂರನ್ನೂ ಸುತ್ತಿಕೊಂಡು ಮರಳಿದೆ.

ಷಡ್ಡಕನ ಕೆಲಸ ಮಾತ್ರ ಮುಂದೆ ಸಾಗುತ್ತಿತ್ತು. ಆಗ ಗುತ್ತಿಗೆದಾರ ತಕರಾರು ತೆಗೆದ. ಅಲ್ಲಿ ಟೊಂಗೆ ನೆಟ್ಟಿತ್ತು, ಎಚ್ಚರಿಕೆ ಇತ್ತು, ಚಾಲಕ ಲಕ್ಷ್ಯವಿಲ್ಲದೆ ಓಡಿಸಿದ್ದಾನೆ, ಹಾಗಾಗಿ ಠೇವಣಿಯಿಂದ ಮುರಿಯುವಂತಿಲ್ಲ ಎಂದು ಬರೆದುಕೊಟ್ಟ. ಗುಂಡಿಯ ಹತ್ತಿರವೇ ಎಲ್ಲರನ್ನೂ ಕರೆಸಿ ಕೇಳುವುದೆಂದು ಸಾಹೇಬರು ದಿನ ಗೊತ್ತುಮಾಡಿದರು. ಟೊಂಗೆ ನೆಟ್ಟವನು ನಾನು, ಹಾಗಾಗಿ ನನಗೂ ಬುಲಾವು ಬಂತು.

ಅದರ ಹಿಂದಿನ ದಿನ ಗುತ್ತಿಗೆದಾರ ಮೋಟರ್ ಸೈಕಲ್ ಮೇಲೆ ನನ್ನ ಶೆಡ್ಡಿಗೆ ಬಂದ. ಚಹಾ ತರಿಸಿದೆ.

“ಟೊಂಗಿ ನೆಟ್ಟಾವ್ರು ನೀವ ಹೌದಲ್ರಿ?”

“ಹೌದ್ರಿ.”

“ಮರುದಿನಾನೂ ಅದು ನಿಂತಿತ್ತು ಅನ್ರಿ. ಕಣ್ಣು ಇದ್ದಾವ ನೋಡಿ ತಪ್ಪಸ್ತಿದ್ದ ಅನ್ರಿ. ಅಷ್ಟ ಸಾಕು. ನಿಮ್ಮ ಗಾಡಿ ಖರ್ಚು ನಾ ಕೊಡ್ತೇನಿ. ಅರ್ಜಿ ಇಲ್ಲ, ಆಫೀಸು ಇಲ್ಲ, ಕೈಯಿಂದ ಕೈಗೆ.” ಚಹಾ ಗುಟುಕರಿಸಿ ಇನ್ನೊಂದು ಮಾತು ಸೇರಿಸಿದ: “ಅಂವ ನಿಮ್ಮ ಷಡ್ಡಕ ಅಂತ ಕೇಳೇನಿ. ಷಡ್ಡಕರ ನಡುವಿನ ಪ್ರೀತಿ ನನಗೂ ಗೊತ್ತೈತ್ರಿ, ನನಗೂ ಒಬ್ಬಾಂವ ಅದಾನ.”

ಟೊಂಗೆ ಮರುದಿನ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಗಾಡಿಯ ಕೆಳಗಿದ್ದೆ. ಆದರೆ ಇತ್ತು ಎನ್ನಲು ಒಂದೇ ಮಾತು ಬೇಕಿತ್ತು. ನನ್ನ ಖರ್ಚು ನನಗೆ ಬರುತ್ತಿತ್ತು, ಅವನದು ಹೋಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಸಿಹಿ ಎಂದು ಕೇಳಿದರೆ, ಎರಡನೆಯದು. ಮುಂದಿನ ಹಬ್ಬಕ್ಕೆ ಮಾವನ ಪಡಸಾಲೆಯಲ್ಲಿ ಅವನು ತಲೆ ತಗ್ಗಿಸಿ ಕೂತದ್ದನ್ನು ನಾನು ಕಣ್ಣು ಮುಚ್ಚದೆಯೇ ಕಂಡೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ ಕೇಳಿದಳು, ಕೈ ನಿಲ್ಲಿಸಲಿಲ್ಲ.

“ಏನ್ ಹೇಳತೀರೋ ಹೇಳ್ರಿ. ಆದರ ನಾಳೆ ನನ್ನ ತಂಗಿ ಮನಿಗೆ ನಾ ಯಾವ ಮುಖಾ ತಗೊಂಡು ಹೋಗ್ಲಿ, ಅದನ್ನೂ ಹೇಳ್ರಿ.”

“ನಾ ಏನು ಸುಳ್ಳು ಹೇಳತೇನೇನು? ಟೊಂಗಿ ನೆಟ್ಟದ್ದು ಖರೇ.”

“ನೆಟ್ಟದ್ದು ಖರೇ” ಎಂದಳು. ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಮರುದಿನ ಗುಂಡಿಯ ಹತ್ತಿರ ಜೀಪು ನಿಂತಿತ್ತು. ಗುತ್ತಿಗೆದಾರ ನಡುವೆ ಒಮ್ಮೆ ಮಣ್ಣು ಹಾಕಿಸಿದ್ದ. ಮೇಲೆ ಮಳೆಯಾಗಿ ಮತ್ತೆ ಕುಸಿದು, ನೀರು ನಿಂತು, ಮೊದಲಿನಂತೆಯೇ ಕಾಣುತ್ತಿತ್ತು. ಷಡ್ಡಕ ಬೇವಿನ ಮರದ ಕೆಳಗೆ ತನ್ನ ಸೊಟ್ಟ ಗಾಡಿಗೆ ಒರಗಿ ನಿಂತಿದ್ದ. ಮಾಲೆ ಒಣಗಿ ಬಾನೆಟ್ಟಿನ ಮೇಲೆ ಹಾಗೆಯೇ ಇತ್ತು. ಹತ್ತಿರದ ಹೊಲದವರು ನಾಲ್ಕಾರು ಜನ, ಆಡು ಮೇಯಿಸುವ ಒಬ್ಬ ಮುದುಕಿ ನೋಡುತ್ತ ನಿಂತಿದ್ದರು.

“ಟೊಂಗಿ ನೆಟ್ಟಾವ್ರು ನೀವೇನು?” ಸಾಹೇಬರು ಕೇಳಿದರು.

“ಹೌದ್ರಿ.”

ಗುತ್ತಿಗೆದಾರ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಸಾಹೇಬರು ಟೊಂಗೆಯ ಮುಂದಿನ ಪ್ರಶ್ನೆ ಕೇಳುವ ಮೊದಲು ಬೇರೆಯದನ್ನೇ ಕೇಳಿದರು. “ನೀವು ಭಾಳ ವರ್ಷದಿಂದ ಗಾಡಿ ನಡಸಾವ್ರು. ನೀವ ಹೇಳ್ರಿ. ಲಕ್ಷ್ಯ ಕೊಟ್ಟು ನಡಸಿದ್ದರ ಈ ಗುಂಡಿ ತಪ್ಪಸಾಕ ಬರತಿತ್ತೇನು?”

ಹೌದು ಎನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ತಪ್ಪಿಸಬಹುದಿತ್ತು ಎಂದರೆ, ತಪ್ಪಿಸದವನು ಯಾರು? ಅವನಿಗಿಂತ ಮೊದಲು ಬಿದ್ದವನು ನಾನು. ಅವನು ಲಕ್ಷ್ಯಗೇಡಿಯಾದರೆ ನಾನು ಅವನಿಗಿಂತ ಒಂದು ದಿನ ಮುಂಚಿನ ಲಕ್ಷ್ಯಗೇಡಿ. ಆ ಮಾತು ಫೈಲಿನಲ್ಲಿ ನನ್ನ ಸಹಿಯೊಂದಿಗೆ ಹಾವೇರಿಯಲ್ಲಿ ಕೂರುತ್ತಿತ್ತು. ಎಂದೂ ಒಂದು ಕೋಳಿಗೂ ಗಾಲಿ ತಾಗಿಸದವನು ನಾನು.

“ಬರತಿದ್ದಿಲ್ರಿ” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. “ತಪ್ಪಸಾಕ ಬರತಿದ್ದರ ನಾನ ತಪ್ಪಸ್ತಿದ್ದೆ. ನನಗ ಕಾಣದ ಗುಂಡಿ ಇಂವಂಗ ಹ್ಯಾಂಗ ಕಾಣಬೇಕ್ರಿ? ನಾ ಬಿದ್ದಲ್ಲೆ ಇಂವ ಬೀಳದ ಹೋಗಿದ್ದರ, ನಾ ಲೈಸನ್ಸ್ ಹರದು ಒಗೀತಿದ್ದೆ.”

ಷಡ್ಡಕ ಗಾಡಿಗೆ ಒರಗಿದ್ದವನು ನೆಟ್ಟಗೆ ನಿಂತ. ಸಾಹೇಬರ ತುಟಿ ಸ್ವಲ್ಪ ಅಲುಗಿತು. “ಹಂಗಾರ ಟೊಂಗಿ? ಮರುದಿನ ಇತ್ತೇನು?”

“ನಾ ನೋಡಿಲ್ರಿ. ನಾ ಶೆಡ್ಡಿನ್ಯಾಗ ಇದ್ದೆ.”

ಅಷ್ಟರಲ್ಲಿ ಮುದುಕಿ ಬಾಯಿ ಹಾಕಿದಳು. “ಯಾವ ಟೊಂಗಿ, ಚಿಂದಿ ಕಟ್ಟಿದ್ದಾ? ಅದನ್ನ ಅವತ್ತ ಸಂಜಿಕೇ ನಮ್ಮ ಆಡು ಎಳದು ತಿಂದು ಮುಗಿಸಿದ್ವಲ್ಲೋ ಯಪ್ಪಾ. ಹಸರು ಜಾಲಿ ನೆಟ್ಟರ ಬಿಡತಾವೇನು? ಒಣಾ ಕಟಗಿ ನೆಡಬೇಕಿಲ್ಲೋ ಶಾಣ್ಯಾ?”

ಎಲ್ಲರೂ ನಕ್ಕರು. ಟೊಂಗೆ ಇತ್ತು ಎಂದಿದ್ದರೆ ಆ ಮುದುಕಿಯ ಮುಂದೆ, ಆ ಆಡುಗಳ ಮುಂದೆ, ನನ್ನ ಮಾನ ಎಲ್ಲಿರುತ್ತಿತ್ತು? ಗುತ್ತಿಗೆದಾರ ಮೋಟರ್ ಸೈಕಲ್ಲಿಗೆ ಕಿಕ್ ಹೊಡೆದು ನನ್ನ ಮುಖ ನೋಡದೆ ಹೋದ.

ಷಡ್ಡಕನಿಗೆ ಪರಿಹಾರ ಮಂಜೂರಾಯಿತು. ನನ್ನ ಅರ್ಜಿ, ಹಾನಿ ಕಂಡುಬಂದಿಲ್ಲ ಎಂಬ ಒಂದು ಸಾಲಿನೊಂದಿಗೆ ಮರಳಿತು. ಮಾವ ಓಣಿಗೆಲ್ಲ ಪೇಢೆ ಹಂಚಿದರು. ನನಗೂ ಎರಡು ಬಂದವು. ತಿಂದೆ, ಬಾಯಿಗೆ ಹತ್ತಲಿಲ್ಲ.

ವಾರದ ಮೇಲೆ ಒಂದು ಟ್ರ್ಯಾಕ್ಟರ್ ಆ ಸೊಟ್ಟ ಗಾಡಿಯನ್ನು ಎಳೆದುಕೊಂಡು ನನ್ನ ಶೆಡ್ಡಿನ ಮುಂದೆ ನಿಂತಿತು. ಷಡ್ಡಕ ಇಳಿದ.

“ರಾಣೇಬೆನ್ನೂರಾಗ ಗ್ಯಾರೇಜ್ ಇದ್ದಿದ್ದಿಲ್ಲೇನು?” ಎಂದೆ.

“ಅದಾವು. ಆದರ ಇಂಜಿನಿಯರ್ ಸಾಹೇಬ್ರು ಬಂದು ನೋಡಿದ್ರೂ ಮುರದದ್ದು ಕಾಣಬಾರದು, ಹಂಗ ಮಾಡಾವ ನೀ ಒಬ್ಬನ ಅದಿ ಅಣ್ಣಾ.”

ಕೀಟಲೆಯೋ ಹೊಗಳಿಕೆಯೋ ತಿಳಿಯಲಿಲ್ಲ. ಅವನ ಮಾತಿನಲ್ಲಿ ಯಾವಾಗಲೂ ಹಾಗೆಯೇ. ಗಾಡಿ ಒಳಗೆ ತೆಗೆದುಕೊಂಡೆ. ಕೆಲಸ ಕೆಡಿಸಬೇಕೆಂದು ಒಂದು ಗಳಿಗೆ ಮನಸ್ಸಾಯಿತು, ಆದರೆ ಕೈ ಕೇಳಲಿಲ್ಲ. ದಾರ ಹಿಡಿದು ಗಾಲಿ ಹೊಂದಿಸಿದೆ. ಕೂಲಿಯನ್ನು ಬೇರೆಯವರಿಗೆ ಹಾಕುವಷ್ಟೇ ಹಾಕಿದೆ, ಕಡಿಮೆಯಿಲ್ಲ. ತೆಗೆದ ಹಳೆಯ ಸಾಮಾನನ್ನೆಲ್ಲ ಚೀಲದಲ್ಲಿ ಕಟ್ಟಿ ಅವನ ಡಿಕ್ಕಿಯಲ್ಲಿಟ್ಟೆ. ಅಂದಿನಿಂದ ಯಾರ ಗಾಡಿ ಮಾಡಿದರೂ ಹಾಗೆಯೇ ಕೊಡುತ್ತೇನೆ. ಮುರಿದ ಕಬ್ಬಿಣದ ಬಗ್ಗೆ ಉಸ್ತಾದರು ಹೇಳಿದ್ದು ಸುಳ್ಳಲ್ಲದಿರಬಹುದು, ಆದರೆ ಅವರು ಕಚೇರಿಗೆ ಅರ್ಜಿ ಕೊಟ್ಟವರಲ್ಲ.

ಗಾಡಿ ನೆಟ್ಟಗೆ ಹೋಗುವುದನ್ನು ನೋಡುತ್ತ ನಿಂತಿದ್ದಾಗ ಹೆಂಡತಿ ಹಿಂದೆ ಬಂದು ನಿಂತಳು. “ನಿಮ್ಮ ಹೊಟ್ಟಿಕಿಚ್ಚು ನಮ್ಮೂರ ಮೆಣಸಿನಕಾಯಿ ಇದ್ದಂಗ್ರಿ. ಬಣ್ಣ ಭಾಳ, ಖಾರ ಕಡಿಮಿ” ಎಂದಳು.

ಆ ಮಾತನ್ನು ನಾನು ಒಪ್ಪುವುದಿಲ್ಲ. ಅದು ಇನ್ನೂ ಉರಿಯುತ್ತದೆ, ಹಬ್ಬ ಬಂದರೆ ಹೆಚ್ಚು.

ಈಗ ನನ್ನ ಬಳಿ ಇರುವುದು: ಬ್ಯಾಡಗಿಯಲ್ಲಿ ಸ್ವಂತದ ಒಂದು ಗ್ಯಾರೇಜು, ಎರಡು ಜಾಕು, ಕೈಕೆಳಗೆ ಇಬ್ಬರು ಕೆಲಸಗಾರರು, ಅದೇ ಅಂಬಾಸಿಡರ್ ಒಂದು, ಒಂದು ಪಾಟಾದಿಂದಾದ ಕುಡಗೋಲು ಮೂರು. ಹಾವೇರಿಯಲ್ಲಿ ಒಬ್ಬ ಮಾವ. ರಾಣೇಬೆನ್ನೂರಿನಲ್ಲಿ ಒಬ್ಬ ಷಡ್ಡಕ. ಅವನ ಬಳಿ ಈಗ ಕಾರು ಎರಡು.